ಟೋಕಿಯೋದ ನೆಜು ದೇಗುಲಕ್ಕೆ ಅಮ್ಮನನ್ನು ಕರ್ಕೊಂಡು ಹೋಗಬಹುದಾ? ವರ್ಷಾಂತಿಕ ಇನ್ನೂ ಆಗಿಲ್ಲ

ಎಂಟನೇ_ಕ್ರಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಿಂದ ಬರೆಯುತ್ತಿದ್ದೇನೆ. ಏಪ್ರಿಲ್ ಮೂರನೇ ವಾರ ನಾನು, ಅಮ್ಮ ಇಬ್ಬರೂ ಟೋಕಿಯೋಗೆ ಹೋಗುತ್ತಿದ್ದೇವೆ. ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ, ಮನೆ ನಿಶಿ-ಕಸಾಯಿಯಲ್ಲಿ. ಹತ್ತು ದಿನ ಇರುತ್ತೇವೆ. ಅಮ್ಮನಿಗೆ 67, ಮಂಡಿನೋವು ಇದೆ. ನಿಧಾನಕ್ಕೆ ಒಂದು ಕಿಲೋಮೀಟರ್ ನಡೀತಾರೆ, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ.

ವಿಷಯ ಏನಂದ್ರೆ, ಅಪ್ಪ ಹೋದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮಾಸಿಕಗಳನ್ನು ಅಣ್ಣ ಇಲ್ಲೇ ಮಾಡುತ್ತಿದ್ದಾನೆ. ಅಪ್ಪ ಇದ್ದಾಗ ಅಮ್ಮ ದಿನಾ ಬೆಳಿಗ್ಗೆ ಕಾಡು ಮಲ್ಲೇಶ್ವರನ ಗುಡಿಗೆ ಹೋಗಿ ಬರುತ್ತಿದ್ದರು, ಮೂವತ್ತು ವರ್ಷದಿಂದ ತಪ್ಪಿಸಿದ್ದೇ ಇಲ್ಲ. ಈಗ ವರ್ಷಾಂತಿಕ ಆಗುವ ತನಕ ಒಳಗೆ ಹೋಗಲ್ಲ ಅಂತ ಹಟ. ಹೂವು ತರೋಕೆ ಹೋದಾಗ ರಸ್ತೆಯ ಆಚೆ ಬದಿಯಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ, ಕೈ ಮುಗಿದು ಬಂದುಬಿಡುತ್ತಾರೆ. ಅದನ್ನು ನೋಡೋಕೆ ನನಗೆ ಆಗಲ್ಲ.

ತಮ್ಮ ಹೇಳುತ್ತಿದ್ದಾನೆ, ಟೋಕಿಯೋದಲ್ಲಿ ನೆಜು ಅಂತ ಒಂದು ಹಳೇ ಬಡಾವಣೆ ಇದೆ, ಅಲ್ಲೊಂದು ಶಿಂಟೋ (ಜಪಾನಿನವರ ಮೂಲ ಧರ್ಮ) ದೇಗುಲ ಇದೆ, ತುಂಬಾ ಹಳೇದು, ಗಲಾಟೆ ಇಲ್ಲ, ಅಮ್ಮನಿಗೆ ಹಿಡಿಸುತ್ತೆ ಅಂತ. ಅಮ್ಮ ಫೋನಲ್ಲಿ ಕೇಳಿದ ಮೊದಲ ಮಾತು, "ಅವರಲ್ಲಿ ಸೂತಕ ಗೀತಕ ಇಲ್ವಾ? ನಮ್ಮಿಂದ ಅವರಿಗೆ ಮೈಲಿಗೆ ಆಗಬಾರದು." ನನಗೆ ಉತ್ತರ ಗೊತ್ತಿಲ್ಲ. ಅಲ್ಲಿಯ ಪದ್ಧತಿ ಏನು? ಹೋದರೆ ಏನು ಮಾಡಬೇಕು, ಏನು ಮಾಡಬಾರದು? ನಮ್ಮಂಥವರನ್ನು ಒಳಗೆ ಬಿಡುತ್ತಾರಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಗಾಂಧಿಬಜಾರ್_ಕಾಫಿ:

ಧಾರಾಳವಾಗಿ ಕರ್ಕೊಂಡು ಹೋಗಿ. ನಾನು ನಾಲ್ಕು ವರ್ಷ ಸೆಂದಾಗಿಯಲ್ಲಿ ಬಾಡಿಗೆಗೆ ಇದ್ದೆ, ನೆಜು ದೇಗುಲ ನನ್ನ ಮನೆಯಿಂದ ಹತ್ತು ನಿಮಿಷ. ಯಾನಕಾ, ನೆಜು, ಸೆಂದಾಗಿ ಈ ಮೂರನ್ನೂ ಸೇರಿಸಿ ಅಲ್ಲಿಯವರು ಯಾನೆಸೆನ್ ಅಂತಾರೆ. 1945ರ ಬಾಂಬ್ ದಾಳಿಯಲ್ಲಿ ಟೋಕಿಯೋ ಸುಟ್ಟು ಬೂದಿಯಾದಾಗ ಈ ಕಡೆ ಸಾಕಷ್ಟು ಭಾಗ ಉಳಿದುಕೊಂಡಿತು. ಅದಕ್ಕೇ ಅಲ್ಲಿ ಇನ್ನೂ ಸಂದಿಗೊಂದಿ ಓಣಿಗಳು, ಮರದ ಮನೆಗಳು, ಬಾಗಿಲ ಮುಂದೆ ಸಾಲಾಗಿ ಇಟ್ಟ ಹೂಕುಂಡಗಳು. ನಮ್ಮ ಬಸವನಗುಡಿಯ ಹಳೇ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ನಡೆದ ಹಾಗೇ ಇರುತ್ತೆ.

ಸೂತಕದ ವಿಷಯ ತಿಳಿದವರು ಯಾರಾದರೂ ಬರೀಲಿ. ನಾನು ದೇಗುಲದ ಬಗ್ಗೆ ಹೇಳ್ತೇನೆ.

ಈಗಿರುವ ಕಟ್ಟಡ 1706ರದ್ದು. ಕಟ್ಟಿಸಿದ್ದು ಐದನೇ ತೊಕುಗಾವಾ ಶೋಗುನ್ ತ್ಸುನಯೋಶಿ. ಶೋಗುನ್ ಅಂದ್ರೆ ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಮೈಸೂರಿನ ಚಿಕ್ಕದೇವರಾಜ ಒಡೆಯರು ತೀರಿಕೊಂಡು ಎರಡು ವರ್ಷ ಆಗಿತ್ತು. ತ್ಸುನಯೋಶಿಗೆ ಗಂಡು ಸಂತಾನ ಉಳಿಯಲಿಲ್ಲ, ಅಣ್ಣನ ಮಗ ಇಯೆನೊಬುವನ್ನು ಉತ್ತರಾಧಿಕಾರಿ ಮಾಡಿಕೊಂಡ. ಆ ಇಯೆನೊಬು ಹುಟ್ಟಿದ ಬಂಗಲೆ ಇದ್ದ ಜಾಗವನ್ನೇ ದೇಗುಲಕ್ಕೆ ಬಿಟ್ಟುಕೊಟ್ಟು, ಹತ್ತಿರದಲ್ಲೇ ಇದ್ದ ಹಳೇ ದೇವರನ್ನು ಇಲ್ಲಿಗೆ ತಂದು ಕೂರಿಸಿದರು. ಮುಖ್ಯ ದೇವರು ಸುಸನೋ, ಸೂರ್ಯದೇವತೆ ಅಮತೆರಾಸುವಿನ ತಮ್ಮ. ನಾಯಿಗಳನ್ನು ಯಾರೂ ಹಿಂಸೆ ಮಾಡಬಾರದು ಅಂತ ಕಾನೂನು ತಂದು ಅದಕ್ಕೇ ಹೆಸರಾದ ಶೋಗುನ್ ಇದೇ ತ್ಸುನಯೋಶಿ. ಬೀದಿನಾಯಿಗೆ ಅನ್ನ ಹಾಕುವ ಅಮ್ಮಂದಿರಿಗೆ ಈ ಕಥೆ ಹೇಳಿದರೆ ಖುಷಿಯಾಗುತ್ತೆ.

ಅಮ್ಮನಿಗೆ ಅಲ್ಲಿ ಒಂದು ವಿಷಯ ತಕ್ಷಣ ಅರ್ಥ ಆಗುತ್ತೆ ಅನ್ಸುತ್ತೆ. ಕಟ್ಟಡ ಮೂರು ಭಾಗ. ದೇವರಿರುವ ಭಾಗ ಹಿಂದೆ, ಜನ ಪ್ರಾರ್ಥನೆ ಮಾಡುವ ಮಂಟಪ ಮುಂದೆ, ಎರಡನ್ನೂ ಸೇರಿಸುವ ಜಾಗ ನಡುವೆ. ನಮ್ಮ ಗರ್ಭಗುಡಿ, ಶುಕನಾಸಿ, ನವರಂಗ ಇದ್ದ ಹಾಗೇ. ಇದನ್ನು ಅವರು ಗೊಂಗೆನ್ ಶೈಲಿ ಅಂತಾರೆ, ನಿಕ್ಕೋ ಅನ್ನೋ ಊರಲ್ಲಿ ಮೊದಲ ತೊಕುಗಾವಾ ಶೋಗುನ್ ಇಯೆಯಾಸುವಿನ ದೊಡ್ಡ ದೇಗುಲ ಇರೋದೂ ಇದೇ ಶೈಲಿಯಲ್ಲಿ. ನೆಜುವಿನಲ್ಲಿ ಈ ಮೂರು ಭಾಗ, ಎರಡಂತಸ್ತಿನ ಹೆಬ್ಬಾಗಿಲು, ಒಳಬಾಗಿಲು, ಪಶ್ಚಿಮದ ಬಾಗಿಲು, ಸುತ್ತಲೂ ಇರುವ ಮರದ ಜಾಲರಿ ಬೇಲಿ, ಹೀಗೆ ಏಳು ಕಟ್ಟಡಗಳೂ 1706ರಲ್ಲಿ ಕಟ್ಟಿದ್ದು ಹಾಗೇ ಉಳಿದಿವೆ. ಏಳಕ್ಕೂ ರಾಷ್ಟ್ರಮಟ್ಟದ ರಕ್ಷಣೆ ಇದೆ. ಟೋಕಿಯೋದಂಥ ಊರಲ್ಲಿ, ಅಷ್ಟೊಂದು ಭೂಕಂಪ, ಬೆಂಕಿ, ಯುದ್ಧ ಎಲ್ಲಾ ಕಂಡ ಊರಲ್ಲಿ, ಒಂದು ಇಡೀ ದೇಗುಲ ಹೀಗೆ ಉಳಿದಿರೋದು ಸಣ್ಣ ಮಾತಲ್ಲ.

ಆದರೆ ಒಂದು ಮೊದಲೇ ಹೇಳಿಬಿಡಿ ಅಮ್ಮನಿಗೆ. ಅಲ್ಲಿ ದೇವರ ಮೂರ್ತಿ ಕಾಣಿಸೋದಿಲ್ಲ. ಮಂಗಳಾರತಿ, ತೀರ್ಥ, ಪ್ರಸಾದ ಯಾವುದೂ ಇಲ್ಲ. ಜನ ಒಳಗೆ ಹೋಗೋದೂ ಇಲ್ಲ, ಮಂಟಪದ ಮುಂದೆ ಮೆಟ್ಟಿಲ ಹತ್ತಿರ ನಿಂತೇ ಪ್ರಾರ್ಥನೆ. ಹಾಗಾಗಿ ಚಪ್ಪಲಿ ಬಿಡುವ ಪ್ರಶ್ನೆಯೇ ಬರಲ್ಲ. ಯಾರು ಬೇಕಾದರೂ ಹೋಗಬಹುದು, ಜಾತಿ ಧರ್ಮ ದೇಶ ಯಾರೂ ಕೇಳಲ್ಲ, ದುಡ್ಡೂ ಇಲ್ಲ.

ಪದ್ಧತಿ ಹೀಗೆ. ಮೊದಲು ತೋರಿಯಿ ಅನ್ನೋ ಕಮಾನು ಸಿಗುತ್ತೆ. ಅಲ್ಲಿ ನಿಂತು ಒಂದು ಸಲ ತಲೆ ಬಾಗಿಸಿ ಒಳಗೆ ಹೋಗೋದು. ದಾರಿಯ ನಟ್ಟನಡುವೆ ನಡೀಬೇಡಿ, ಅದು ದೇವರು ಓಡಾಡುವ ಜಾಗ, ಪಕ್ಕದಲ್ಲಿ ನಡೀರಿ. ಆಮೇಲೆ ನೀರಿನ ತೊಟ್ಟಿ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೀಬೇಕು, ಕೈ ಬದಲಿಸಿ ಬಲಗೈ ತೊಳೀಬೇಕು, ಮತ್ತೆ ಬಲಗೈಗೆ ತಗೊಂಡು ಎಡ ಅಂಗೈಯಲ್ಲಿ ಒಂದಿಷ್ಟು ನೀರು ಹಿಡಿದು ಬಾಯಿ ಮುಕ್ಕಳಿಸಬೇಕು. ಸೌಟನ್ನು ಬಾಯಿಗೆ ತಾಕಿಸಬಾರದು, ಇದನ್ನಂತೂ ಎಂಜಲು ಮಡಿ ಗೊತ್ತಿರುವ ಅಮ್ಮನಿಗೆ ಹೇಳಿಕೊಡೋದೇ ಬೇಡ. ಎಡಗೈ ಇನ್ನೊಂದು ಸಲ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡೀಬೇಕು. ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತೆ, ಮುಂದಿನವರಿಗಾಗಿ. ಇಷ್ಟೂ ಒಂದೇ ಸೌಟು ನೀರಲ್ಲಿ. ಕೋವಿಡ್ ಆದಮೇಲೆ ಎಷ್ಟೋ ಕಡೆ ಸೌಟು ತೆಗೆದು ಕೊಳವೆಯಲ್ಲಿ ನೀರು ಬಿಟ್ಟಿದ್ದಾರೆ, ಹಾಗಿದ್ದರೆ ಸುಮ್ನೆ ಕೈ ತೊಳೆದರೆ ಸಾಕು.

ದೇವರ ಮುಂದೆ ಕಾಣಿಕೆ ಪೆಟ್ಟಿಗೆ ಇರುತ್ತೆ. ನಾಣ್ಯ ಹಾಕಿ ಎರಡು ಸಲ ಸೊಂಟ ಬಗ್ಗಿಸಿ ನಮಸ್ಕಾರ, ಎರಡು ಚಪ್ಪಾಳೆ, ಕೈ ಜೋಡಿಸಿಕೊಂಡೇ ಮನಸ್ಸಲ್ಲಿ ಹೇಳ್ಕೊಳ್ಳೋದು, ಕೊನೆಗೆ ಒಂದು ನಮಸ್ಕಾರ. ಐದು ಯೆನ್ ನಾಣ್ಯ ಶ್ರೇಷ್ಠ ಅಂತಾರೆ. ಹಿತ್ತಾಳೆ ಬಣ್ಣದ್ದು, ನಡುವೆ ತೂತು, ಒಂದು ಕಡೆ ಭತ್ತದ ತೆನೆ. ಅವರ ಭಾಷೆಯಲ್ಲಿ ಐದು ಯೆನ್ ಅಂದ್ರೆ "ಗೊಎನ್". ಅದೇ ಉಚ್ಚಾರದ ಇನ್ನೊಂದು ಮಾತಿಗೆ ನಾವು ಋಣಾನುಬಂಧ ಅಂತೀವಲ್ಲ, ಹೆಚ್ಚುಕಡಿಮೆ ಅದೇ ಅರ್ಥ. ಹಾಗಾಗಿ ಐದು ಯೆನ್ ಹಾಕೋದು.

ದಾರಿ ಸುಲಭ. ನಿಶಿ-ಕಸಾಯಿಯಿಂದ ತೋಜಾಯಿ ಲೈನ್, ಓತೆಮಾಚಿಯಲ್ಲಿ ಬದಲಿಸಿ ಚಿಯೋದಾ ಲೈನ್, ಅಲ್ಲಿಂದ ಮೂರನೇ ಸ್ಟೇಷನ್ ನೆಜು. ಹೊರಗೆ ಬಂದಮೇಲೆ ಅಮ್ಮನ ನಡಿಗೆಗೆ ಹತ್ತು ನಿಮಿಷ ಅಂದ್ಕೊಳ್ಳಿ. ದೇಗುಲದ ನೆಲ ಸಮತಟ್ಟು.

ಏಪ್ರಿಲ್‌ನಲ್ಲಿ ಹೋಗ್ತಿರೋದರಿಂದ ಒಂದು ಅದೃಷ್ಟ, ಒಂದು ಕಷ್ಟ. ಪಕ್ಕದ ದಿಬ್ಬದಲ್ಲಿ ಅಜೇಲಿಯಾ ತೋಟ ಇದೆ, ತ್ಸುತ್ಸುಜಿ ಅಂತಾರೆ, ಸುಮಾರು 100 ಜಾತಿಯ 3000 ಗಿಡ. ಇಡೀ ತಿಂಗಳು ಹೂವಿನ ಹಬ್ಬ. ದಿಬ್ಬಕ್ಕೆ ದಿಬ್ಬವೇ ಗುಲಾಬಿ, ಬಿಳಿ, ಕೆಂಪು ಹೊದ್ದುಕೊಂಡಿರುತ್ತೆ. ಆದರೆ ಶನಿವಾರ ಭಾನುವಾರ ಜನಜಾತ್ರೆ. ವಾರದ ದಿನ, ಬೆಳಿಗ್ಗೆ ಏಳು ಗಂಟೆಗೆ ಹೋಗಿ. ಆ ಹೊತ್ತಿಗೆ ಕಸ ಗುಡಿಸುವವರು, ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ನಿಮಿಷ ನಿಂತು ಬ್ಯಾಗ್ ಕಂಕುಳಲ್ಲಿ ಇಟ್ಟುಕೊಂಡೇ ಕೈ ಜೋಡಿಸುವವರು, ನಾಯಿ ಹಿಡ್ಕೊಂಡ ಅಜ್ಜಂದಿರು, ಇಷ್ಟೇ ಜನ ಇರೋದು. ಅಮ್ಮ ನೋಡಬೇಕಾದ್ದು ಅದನ್ನು.

ಜಯನಗರ_ನಾಲ್ಕನೇ_ಬ್ಲಾಕ್:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ನಮ್ಮ ಅತ್ತೆ ಮಾವನನ್ನು ಕರ್ಕೊಂಡು ಹೋಗಿದ್ದೆ. ಶಿಂಟೋ ದೇಗುಲಗಳಲ್ಲಿ ಅತ್ತೆಗೆ ಏನೂ ಅನ್ನಿಸಲೇ ಇಲ್ಲ. "ದೇವರೆಲ್ಲಿ?" ಅಂತಲೇ ಕೇಳುತ್ತಿದ್ದರು. ಅಸಾಕುಸದ ಸೆನ್ಸೋಜಿಗೆ ಹೋದಮೇಲೆ ಮುಖ ಅರಳಿತು. ಅದು ಬೌದ್ಧ ದೇವಸ್ಥಾನ. ಮುಂದೆ ದೊಡ್ಡ ಧೂಪದ ಕೊಪ್ಪರಿಗೆ, ಜನ ಊದುಬತ್ತಿ ಹಚ್ಚಿ ಆ ಹೊಗೆಯನ್ನು ಕೈಯಲ್ಲಿ ತಲೆಗೂ ಮಂಡಿಗೂ ಎಳ್ಕೊಳ್ತಾರೆ. ನಾವು ಮಂಗಳಾರತಿ ತಗೊಳ್ಳುವ ಹಾಗೇ. ಅತ್ತೆ ಯಾರಿಗೂ ಕೇಳದೆ ಹೋಗಿ ಎರಡೂ ಮಂಡಿಗೆ ಹೊಗೆ ತಗೊಂಡರು.

ಅಲ್ಲಿಯ ಕಥೆಯೂ ಚೆಂದ. 628ರಲ್ಲಿ ಇಬ್ಬರು ಬೆಸ್ತ ಅಣ್ಣತಮ್ಮಂದಿರಿಗೆ ಸುಮಿದಾ ನದಿಯಲ್ಲಿ ಬಲೆ ಎಳೆಯುವಾಗ ಕನ್ನೋನ್ ದೇವತೆಯ ಮೂರ್ತಿ ಸಿಕ್ಕಿತಂತೆ. ಕನ್ನೋನ್ ಅಂದ್ರೆ ಅವಲೋಕಿತೇಶ್ವರ. ಊರಿನ ಮುಖಂಡನೊಬ್ಬ ಅದು ಯಾವ ಮೂರ್ತಿ ಅಂತ ಗುರುತು ಹಿಡಿದು ತನ್ನ ಮನೆಯನ್ನೇ ಗುಡಿ ಮಾಡಿದ. ಆ ಮೂವರನ್ನೂ ದೇವರಾಗಿ ಪೂಜಿಸುವ ಶಿಂಟೋ ದೇಗುಲ ಸೆನ್ಸೋಜಿಯ ಪಕ್ಕದಲ್ಲೇ ಇದೆ, 1649ರದ್ದು. ಅಂದ್ರೆ ಒಂದೇ ಕಡೆ ಎರಡೂ ಆಗುತ್ತೆ. ಮಂಡಿನೋವಿನ ಅಮ್ಮನಿಗೆ ಅಷ್ಟು ಸುತ್ತಾಟ ಯಾಕೆ?

ಒಂದು ಎಚ್ಚರಿಕೆ. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ತಟ್ಟಬಾರದು. ಸುಮ್ನೆ ಕೈ ಮುಗಿದರೆ ಸಾಕು.

ಗಾಂಧಿಬಜಾರ್_ಕಾಫಿ:

ಅಸಾಕುಸ ಬೇಡ ಅನ್ನಲ್ಲ, ಹತ್ತು ದಿನ ಇದೆಯಲ್ಲ, ಅದಕ್ಕೂ ಹೋಗಲಿ. ಆದರೆ ಅಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಕಾಲಿಡೋಕೆ ಜಾಗ ಇರಲ್ಲ. ಅಂಗಡಿ ಸಾಲಲ್ಲಿ ತಳ್ಳಿಸಿಕೊಂಡೇ ನಡೀಬೇಕು. ಈ ಅಮ್ಮ ಏಳು ತಿಂಗಳಿಂದ ಗುಡಿಯ ಹೊರಗೆ ನಿಂತು ಬರುತ್ತಿದ್ದಾರೆ. ಅವರಿಗೆ ಬೇಕಿರೋದು ನೋಡೋ ಜಾಗ ಅಲ್ಲ, ನಿಲ್ಲೋ ಜಾಗ ಅಂತ ನನ್ನ ಅನಿಸಿಕೆ. ನಿಮ್ಮ ಅತ್ತೆಯವರ ವಿಷಯ ಬೇರೆ, ಅವರು ಪ್ರವಾಸಕ್ಕೆ ಬಂದವರು.

ಇನ್ನೊಂದು ಮರೆತಿದ್ದೆ. ನೆಜುವಿನ ಒಳಗೇ ಇನಾರಿಗೆ ಸೇರಿದ ಸಣ್ಣ ಗುಡಿ ಇದೆ, ಒತೋಮೆ ಇನಾರಿ ಅಂತ. ಇನಾರಿ ಅಂದ್ರೆ ಬೆಳೆಯ ದೇವರು, ನರಿಗಳು ಅವರ ದೂತರು. ಅಲ್ಲಿಗೆ ಹೋಗುವ ದಾರಿಗೆ ಸಾಲಾಗಿ ಕೆಂಪು ಕಮಾನುಗಳು, ಒಂದಕ್ಕೊಂದು ಅಂಟಿಕೊಂಡ ಹಾಗೆ. ಕಮಾನುಗಳು ಕುಳ್ಳು, ಎತ್ತರದವರು ತಲೆ ಬಗ್ಗಿಸಿಯೇ ಹೋಗಬೇಕು. ದಾಟಿದ ಮೇಲೆ ಹಿಂದಿರುಗಿ ನೋಡಿ. ಪ್ರತಿ ಕಂಬದ ಹಿಂಬದಿಗೆ ಕಪ್ಪು ಅಕ್ಷರದಲ್ಲಿ ಕೊಟ್ಟವರ ಹೆಸರು, ತಾರೀಖು ಬರೆದಿರುತ್ತೆ. ನಮ್ಮಲ್ಲಿ ಗುಡಿಯ ಟ್ಯೂಬ್‌ಲೈಟಿನ ಮೇಲೆ, ಗ್ರಾನೈಟ್ ಮೆಟ್ಟಿಲ ಮೇಲೆ "ಇಂಥವರ ಸೇವಾರ್ಥ" ಅಂತ ಇರುತ್ತಲ್ಲ, ಅದೇ. ಮನೆಯವರ ನೆನಪಿಗೆ ಕೊಟ್ಟದ್ದು, ಅಂಗಡಿ ಚೆನ್ನಾಗಿ ನಡೀಲಿ ಅಂತ ಕೊಟ್ಟದ್ದು. ಮೊದಲ ಸಲ ಅದನ್ನು ನೋಡಿದಾಗ ನನಗೆ ಅಲ್ಲಿ ಯಾವುದೂ ಹೊಸದು ಅನ್ನಿಸೋದು ನಿಂತುಹೋಯಿತು. ಅಲ್ಲಿಗೆ ಮಾತ್ರ ಕೆಲವು ಮೆಟ್ಟಿಲು ಇವೆ, ಅಮ್ಮನಿಗೆ ಆಗದಿದ್ದರೆ ಕೆಳಗಿನಿಂದಲೇ ಕೆರೆ, ಕಮಾನು ಎಲ್ಲಾ ಕಾಣುತ್ತೆ.

ಹಿತ್ತಲ_ಮಲ್ಲಿಗೆ:

ನನ್ನ ಮಗಳನ್ನು ಜಪಾನಿನವರ ಮನೆಗೇ ಕೊಟ್ಟಿದ್ದೇವೆ, ಹನ್ನೆರಡು ವರ್ಷ ಆಯಿತು. ಬೀಗರ ಮನೆಯಲ್ಲಿ ಎರಡು ಸಾವು ಕಂಡಿದ್ದೇನೆ. ಹಾಗಾಗಿ ನಿಮ್ಮ ಅಮ್ಮನ ಪ್ರಶ್ನೆಗೆ ಉತ್ತರ ಕೊಡ್ತೇನಮ್ಮಾ.

ಅವರಲ್ಲೂ ಸೂತಕ ಇದೆ. ನಿಮ್ಮ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಶಿಂಟೋದಲ್ಲಿ ಸಾವು ಅಂದ್ರೆ ಕೆಗಾರೆ, ನಮ್ಮ ಮೈಲಿಗೆ ಅನ್ನೋ ಮಾತಿಗೆ ತೀರಾ ಹತ್ತಿರ. ಪಾಪ ಅಂತ ಅಲ್ಲ. ಜೀವದ ಕಸುವು ಒಣಗಿಹೋದ ಸ್ಥಿತಿ ಅಂತ ನಮ್ಮ ಬೀಗರು ಹೇಳಿದ್ದರು. ಮನೆಯಲ್ಲಿ ಸಾವಾದರೆ ಮನೆದೇವರ ಗೂಡಿಗೆ ಬಿಳಿ ಕಾಗದ ಅಂಟಿಸಿ ಮುಚ್ಚಿಬಿಡುತ್ತಾರೆ. ನಾವು ದೇವರ ಕೋಣೆ ಬಾಗಿಲು ಹಾಕುತ್ತೀವಲ್ಲ, ಹಾಗೆ. ಶವಸಂಸ್ಕಾರಕ್ಕೆ ಹೋಗಿ ಬಂದವರಿಗೆ ಪುಟ್ಟ ಪೊಟ್ಟಣದಲ್ಲಿ ಉಪ್ಪು ಕೊಡುತ್ತಾರೆ, ಹೊಸ್ತಿಲು ದಾಟುವ ಮುಂಚೆ ಮೈಮೇಲೆ ಚಿಮುಕಿಸಿಕೊಂಡು ಒಳಗೆ ಬರೋದು. ನಾವು ಸ್ನಾನ ಮಾಡ್ತೇವೆ, ಅವರು ಉಪ್ಪು.

ಅವರ ಲೆಕ್ಕದಲ್ಲಿ ಎರಡು ಕಾಲ ಇವೆ. ಒಂದು "ಕಿ", ಸಾಮಾನ್ಯವಾಗಿ 50 ದಿನ. ಅಷ್ಟು ದಿನ ಹತ್ತಿರದ ಬಂಧುಗಳು ಶಿಂಟೋ ದೇಗುಲಕ್ಕೆ ಹೋಗೋದಿಲ್ಲ. ಇನ್ನೊಂದು "ಮೊ", ಹೆಚ್ಚುಕಡಿಮೆ ಒಂದು ವರ್ಷ. ಆ ವರ್ಷ ಹೊಸವರ್ಷದ ಸಡಗರ ಇಲ್ಲ, ಶುಭಾಶಯದ ಕಾರ್ಡ್ ಕಳಿಸಲ್ಲ. "ನಮ್ಮ ಮನೆಯಲ್ಲಿ ಹೀಗಾಗಿದೆ, ಈ ಸಲ ಕಾರ್ಡ್ ಇಲ್ಲ" ಅಂತ ಡಿಸೆಂಬರ್‌ಗೆ ಮುಂಚೆಯೇ ಒಂದು ಕಾಗದ ಬರೆದು ಎಲ್ಲರಿಗೂ ತಿಳಿಸುತ್ತಾರೆ. ನಮ್ಮಲ್ಲಿ ಒಂದು ವರ್ಷ ಹಬ್ಬ ಇಲ್ಲ ಅನ್ನೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಆದರೆ 50 ದಿನ ಕಳೆದ ಮೇಲೆ ದೇಗುಲಕ್ಕೆ ಹೋಗೋದಕ್ಕೆ ಅಡ್ಡಿ ಇಲ್ಲ. ಬೌದ್ಧ ದೇವಸ್ಥಾನಕ್ಕಂತೂ ಮೊದಲ ದಿನದಿಂದಲೇ ಹೋಗಬಹುದು, ಸಾವಿನ ಕರ್ಮಗಳೆಲ್ಲಾ ಅಲ್ಲೇ ನಡೆಯೋದು.

ಹಾಗಾಗಿ ಏಳು ತಿಂಗಳಾದ ನಿಮ್ಮ ಅಮ್ಮನಿಂದ ಅವರ ದೇವರಿಗೆ ಮೈಲಿಗೆ ಇಲ್ಲ. ಇದನ್ನು ಹೀಗೇ ಅವರಿಗೆ ಓದಿ ಹೇಳಿ. ನಮ್ಮ ಕಡೆಯ ನಿಯಮ ಅವರ ಮನಸ್ಸಿಗೆ ಬಿಟ್ಟದ್ದು. ಒತ್ತಾಯ ಮಾಡಬೇಡಿ. ನನ್ನ ಯಜಮಾನರು ಹೋದಾಗ ಮಕ್ಕಳು ಒಳ್ಳೆ ಮನಸ್ಸಿನಿಂದಲೇ ನನ್ನನ್ನು ಅಲ್ಲಿಗೆ ಇಲ್ಲಿಗೆ ಎಳ್ಕೊಂಡು ಹೋದರು. ನನಗೆ ಆಗ ಬೇಕಿದ್ದದ್ದು, "ನೀನು ಬಂದರೆ ತಪ್ಪಿಲ್ಲ, ಬರದಿದ್ದರೂ ತಪ್ಪಿಲ್ಲ" ಅನ್ನೋ ಒಂದು ಮಾತು.

ನೆಜುವಿನಲ್ಲಿ ಇನ್ನೊಂದು ಜಾಗ ಇದೆ, ಅಮ್ಮನಿಗೆ ತೋರಿಸಿ. ಆ ಇಯೆನೊಬು ಅಂತ ಮೇಲೆ ಬರೆದಿದ್ದಾರಲ್ಲ, ಅವನು ಅಲ್ಲೇ 1662ರಲ್ಲಿ ಹುಟ್ಟಿದ್ದು. ಅವನು ಹುಟ್ಟಿದಾಗಿನ ಮಾಸನ್ನು ಅಲ್ಲೇ ಹೂತು, ಅದರ ಮೇಲೆ ಕಲ್ಲು ಪೇರಿಸಿದ ಗುಡ್ಡೆ ಆವರಣದಲ್ಲಿ ಈಗಲೂ ಇದೆ. ಮುಂದೆ ಶೋಗುನ್ ಆದವನ ಮಾಸು! ನಮ್ಮ ಊರಲ್ಲಿ ನನ್ನಜ್ಜಿ ಮಾಸನ್ನು ಹಿತ್ತಲಲ್ಲಿ ಗುಂಡಿ ತೋಡಿ, ನಾಯಿ ಬೆಕ್ಕು ಎಳೀದ ಹಾಗೆ ಮೇಲೆ ಕಲ್ಲು ಹೇರಿ ಮುಚ್ಚುತ್ತಿದ್ದರು. ಆ ಕಲ್ಲಿನ ಗುಡ್ಡೆ ಮುಂದೆ ನಾನು ಸುಮಾರು ಹೊತ್ತು ನಿಂತಿದ್ದೆ. ಹೆಚ್ಚಿನವರು ಫೋಟೋ ತೆಗೆಯೋಕೆ ಕೆಂಪು ಕಮಾನಿನ ಕಡೆ ಹೋಗ್ತಾರೆ, ಇದನ್ನು ನೋಡೋದೇ ಇಲ್ಲ.

ಎಂಟನೇ_ಕ್ರಾಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ಪಕ್ಕದಲ್ಲೇ ಕೂತಿದ್ದರು, ಹಿತ್ತಲ ಮಲ್ಲಿಗೆಯವರು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಉಪ್ಪಿನ ಪೊಟ್ಟಣದ ಭಾಗ ಇನ್ನೊಂದು ಸಲ ಓದು ಅಂದರು. ಬರ್ತೀನಿ ಅಂತಾನೂ ಹೇಳಿಲ್ಲ, ಬರಲ್ಲ ಅಂತಾನೂ ಹೇಳಿಲ್ಲ. ಆದರೆ ಸಂಜೆ, "ತೆಂಗಿನಕಾಯಿ, ಸ್ವಲ್ಪ ಹೂವು ಇಲ್ಲಿಂದಲೇ ತಗೊಂಡು ಹೋದರೆ ಆಗುತ್ತಾ? ಬರೀಗೈಯಲ್ಲಿ ಹೇಗೆ ಹೋಗೋದು?" ಅಂತ ಕೇಳಿದರು. ಆಗ ನನಗೆ ಗೊತ್ತಾಯಿತು.

ತಗೊಂಡು ಹೋಗಬಹುದಾ? ಮತ್ತೆ ಊಟದ ಕಥೆ ಏನು? ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ.

ಯಶವಂತಪುರ_ಲೋಕಲ್:

ಹೂವು, ಹಣ್ಣು, ತರಕಾರಿ, ಬೀಜ, ಕರಿಬೇವು ಇಂಥವು ಏನನ್ನೂ ತಗೊಂಡು ಹೋಗಬೇಡಿ ಅಕ್ಕಾ. ಗಿಡದ ರೋಗ ಬರುತ್ತೆ ಅಂತ ಜಪಾನಿನಲ್ಲಿ ತುಂಬಾ ಕಟ್ಟುನಿಟ್ಟು. ಸರ್ಕಾರದ ತಪಾಸಣೆ ಪ್ರಮಾಣಪತ್ರ ಇಲ್ಲದಿದ್ದರೆ ಏರ್‌ಪೋರ್ಟಲ್ಲೇ ತೆಗೆದುಹಾಕುತ್ತಾರೆ. ನಮ್ಮ ಜೊತೆ ಬಂದ ಒಬ್ಬರು ಅಜ್ಜಿಯ ಬ್ಯಾಗಿಂದ ವೀಳ್ಯದೆಲೆ ಕಟ್ಟು ತೆಗೆದು ಕಸಕ್ಕೆ ಹಾಕಿದಾಗ ಆ ಅಜ್ಜಿ ಅತ್ತುಬಿಟ್ಟರು. ಮೊದಲೇ ಹೇಳದೇ ಇದ್ದ ಟ್ರಾವೆಲ್ಸ್‌ನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇನ್ನು ದೇಗುಲದಲ್ಲಿ ಕಾಯಿ ಒಡೆಯೋದು, ಹೂವು ಏರಿಸೋದು ಇಲ್ಲವೇ ಇಲ್ಲ, ಕುಂಕುಮ ಅರಿಶಿನ ಕೂಡ ಎಲ್ಲೂ ಹಚ್ಚಬೇಡಿ. 300 ವರ್ಷದ ಮರ, ಅರಗಿನ ಬಣ್ಣ ಅದು.

ಬರೀಗೈ ಅಂತ ಅಮ್ಮನಿಗೆ ಅನ್ನಿಸಿದರೆ ಎಮಾ ಬರೆಸಿ. ಅಂಗೈಗಿಂತ ಸ್ವಲ್ಪ ದೊಡ್ಡ ಮರದ ಹಲಗೆ, ದೇಗುಲದ ಕೌಂಟರ್‌ನಲ್ಲೇ ಸಿಗುತ್ತೆ. ಹರಕೆ ಬರೆದು ಅಲ್ಲೇ ಚೌಕಟ್ಟಿಗೆ ನೇತುಹಾಕೋದು. ಎಮಾ ಅಂದ್ರೆ ಕುದುರೆಯ ಚಿತ್ರ. ಹಿಂದೆ ದೇವರಿಗೆ ಜೀವಂತ ಕುದುರೆಯನ್ನೇ ಒಪ್ಪಿಸುತ್ತಿದ್ದರು, ಆಗದವರು ಮರದ ಮೇಲೆ ಕುದುರೆ ಬರೆದು ಕೊಡೋಕೆ ಶುರುಮಾಡಿದರು, ಅದೇ ಉಳಿಯಿತು. ಯಾವ ಭಾಷೆಯಲ್ಲಾದರೂ ಬರೀಬಹುದು. ಮಗಳ ಪಿಯುಸಿ ಪರೀಕ್ಷೆ ವರ್ಷ ನಾನು ಕನ್ನಡದಲ್ಲಿ ಬರೆದು ಹಾಕಿ ಬಂದೆ. ಸುತ್ತಲೂ ಕಾಂಜಿ, ಕೊರಿಯನ್ ಅಕ್ಷರ, ನಡುವೆ ದುಂಡಗೆ ನಮ್ಮ ಕನ್ನಡ. ಅದು ಗಾಳಿಗೆ ಪಕ್ಕದ ಹಲಗೆಗೆ ತಾಗಿ ಟಕಟಕ ಅನ್ನುತ್ತಿತ್ತು. ಕೆಲವು ಕಾಲ ಆದಮೇಲೆ ಎಲ್ಲವನ್ನೂ ಒಟ್ಟು ಮಾಡಿ ಶಾಸ್ತ್ರೋಕ್ತವಾಗಿ ಅಗ್ನಿಗೆ ಹಾಕುತ್ತಾರೆ, ಕಸಕ್ಕೆ ಹೋಗಲ್ಲ.

ಊಟಕ್ಕೆ ನಿಮ್ಮ ತಮ್ಮನ ಮನೆಯೇ ಗತಿ. ನಿಶಿ-ಕಸಾಯಿಯಲ್ಲಿ ನಮ್ಮವರು ತುಂಬಾ ಇರೋದರಿಂದ ಬೇಳೆ, ಮಸಾಲೆ ಎಲ್ಲಾ ಸಿಗುತ್ತೆ. ಹೊರಗಡೆ ಸಮಸ್ಯೆ ಏನಂದ್ರೆ ದಾಶಿ. ಒಣಗಿಸಿದ ಮೀನಿನ ಸಾರು ಅದು, ನೋಡೋಕೆ ಬರೀ ತರಕಾರಿ, ತೋಫು ಅನ್ನಿಸುವ ಅಡುಗೆಯಲ್ಲೂ ಇರುತ್ತೆ. ಇನಾರಿ ಹೆಸರಲ್ಲೇ ಕರಿದ ತೋಫು ಚೀಲಕ್ಕೆ ಅನ್ನ ತುಂಬಿದ ಒಂದು ತಿಂಡಿ ಇದೆ, ನರಿಗೆ ಇಷ್ಟ ಅಂತ ನಂಬಿಕೆ, ಅದಕ್ಕೂ ಸಾಮಾನ್ಯವಾಗಿ ದಾಶಿ ಬಿದ್ದಿರುತ್ತೆ. ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ಅವಲಕ್ಕಿ ಒಗ್ಗರಣೆ ತಿನ್ನಿಸಿ, ಡಬ್ಬಿಗೆ ಮೊಸರನ್ನ ಹಾಕ್ಕೊಂಡು ಹೊರಡಿ. ದೇಗುಲದ ಒಳಗೆ ಡಬ್ಬಿ ಬಿಚ್ಚಬೇಡಿ. ಶಿನೋಬಜು ಕೆರೆಯ ದಂಡೆಯಲ್ಲಿ ಬೆಂಚುಗಳಿವೆ, ನೆಜುವಿನಿಂದ ಆ ಕಡೆಗೆ ಟ್ಯಾಕ್ಸಿ ಹಿಡಿದರೆ ಐದು ನಿಮಿಷ.

ಆ ಕೆರೆಗೆ ಹೋದರೆ ನಡುಗಡ್ಡೆಯ ಗುಡಿ ಬಿಡಬೇಡಿ. ಅದು ಬೌದ್ಧ ಗುಡಿ, ದೇವತೆ ಬೆನ್ಜೈತೆನ್. ಅಂದ್ರೆ ನಮ್ಮ ಸರಸ್ವತಿ! ಚೀನಾ ದಾಟಿ ಹೋಗಿ ಅಲ್ಲಿ ನೆಲೆಸಿದವಳು, ಕೈಯಲ್ಲಿ ವೀಣೆ ಬದಲು ಬೀವಾ ಅನ್ನೋ ತಂತಿವಾದ್ಯ. ನೀರಿನ ಹತ್ತಿರವೇ ಅವಳ ಗುಡಿ ಕಟ್ಟೋದು ರೂಢಿ, ಮೂಲದಲ್ಲಿ ನದಿಯಲ್ಲವಾ ಅವಳು. ಹಳೇ ಗುಡಿ 1945ರಲ್ಲಿ ಸುಟ್ಟುಹೋಗಿ 1958ರಲ್ಲಿ ಮತ್ತೆ ಕಟ್ಟಿದರು.

ಜಯನಗರ_ನಾಲ್ಕನೇ_ಬ್ಲಾಕ್:

ಸರಸ್ವತಿ ಗುಡಿ ಅಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದರೆ ಅತ್ತೆಯನ್ನು ಮೊದಲು ಅಲ್ಲಿಗೇ ಕರ್ಕೊಂಡು ಹೋಗುತ್ತಿದ್ದೆ. ನನ್ನ ಮಾತು ಹಿಂದಕ್ಕೆ ತಗೊಳ್ತೇನೆ. ನೆಜು, ಆಮೇಲೆ ಕೆರೆ, ಅಷ್ಟು ಮಾಡಿ. ಅಸಾಕುಸ ಇನ್ನೊಂದು ದಿನ.

ಎಂಟನೇ_ಕ್ರಾಸ್ (ಮೂರು ವಾರದ ನಂತರ):

ನಿನ್ನೆ ರಾತ್ರಿ ವಾಪಸ್ ಬಂದೆವು. ಬರೆದು ತಿಳಿಸಬೇಕು ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಆರಕ್ಕೇ ಹೊರಟೆವು, ತಮ್ಮ ರಜೆ ಹಾಕಿದ್ದ. ಏಳಕ್ಕೆ ಅಲ್ಲಿದ್ದೆವು. ಅಮ್ಮ ಕಮಾನಿನ ಮುಂದೆ ಬಂದು ನಿಂತುಬಿಟ್ಟರು, ಇಲ್ಲಿ ರಸ್ತೆ ಬದಿಯಲ್ಲಿ ನಿಲ್ಲುವ ಹಾಗೇ. ನಾನು ತಮ್ಮ ಏನೂ ಮಾತಾಡಲಿಲ್ಲ, ಹಿತ್ತಲ ಮಲ್ಲಿಗೆಯವರು ಹೇಳಿದ್ದು ನೆನಪಿತ್ತು. ಒಬ್ಬರು ಅಜ್ಜಿ, ಅಮ್ಮನ ವಯಸ್ಸಿನವರೇ ಇರಬೇಕು, ತರಕಾರಿ ಚೀಲ ಹಿಡ್ಕೊಂಡು ನಮ್ಮ ಪಕ್ಕದಿಂದ ಬಂದು, ಬಾಗಿ ನಮಸ್ಕಾರ ಮಾಡಿ ಒಳಗೆ ಹೋದರು. ಹೋಗುವಾಗ ಅಮ್ಮನಿಗೂ ಒಂದು ಸಲ ತಲೆ ಬಾಗಿಸಿದರು. ಅಮ್ಮ ಕೈ ಮುಗಿದರು. ಆಮೇಲೆ ಆ ಅಜ್ಜಿಯ ಹಿಂದೆಯೇ, ಅವರು ನಡೆದ ಬದಿಯಲ್ಲೇ, ಒಳಗೆ ನಡೆದರು.

ತೊಟ್ಟಿಯ ಹತ್ತಿರ ಅಜ್ಜಿ ಏನು ಮಾಡಿದರೋ ಅದನ್ನೇ ಅಮ್ಮ ಮಾಡಿದರು. ದೇವರ ಮುಂದೆ ಎರಡು ಸಲ ಬಾಗುವಾಗ ಮಂಡಿ ಹಿಡಿಯಿತು, ತಮ್ಮನ ತೋಳು ಹಿಡ್ಕೊಂಡರು. ಚಪ್ಪಾಳೆ ಮೆಲ್ಲಗೆ ತಟ್ಟಿದರು. ಕಣ್ಣು ಮುಚ್ಚಿ ತುಂಬಾ ಹೊತ್ತು ನಿಂತಿದ್ದರು. ಹಿಂದೆ ಆಫೀಸಿನವರೊಬ್ಬರು ಕಾಯುತ್ತಿದ್ದರು, ಸ್ವಲ್ಪವೂ ಅವಸರ ತೋರಿಸಲಿಲ್ಲ.

ಎಮಾ ಬರೆಯೋಕೆ ಮಾತ್ರ ಆಗಲಿಲ್ಲ, ಅಷ್ಟು ಬೆಳಿಗ್ಗೆ ಕೌಂಟರ್ ತೆಗೆದಿರಲಿಲ್ಲ. ಮಾಸಿನ ಗುಡ್ಡೆ ನೋಡಿದೆವು. ನನ್ನ ಮಾಸನ್ನು ಅಜ್ಜಿ ತುಮಕೂರಿನ ಮನೆಯ ಸೀಬೆಮರದ ಬುಡದಲ್ಲಿ ಹೂತಿದ್ದರಂತೆ, ಗುಂಡಿ ತೋಡಿದ್ದು ಅಪ್ಪನಂತೆ. ಇಷ್ಟು ವರ್ಷ ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಮ್ಮ ಅಲ್ಲೇ ನಿಂತು ಹೇಳಿದರು.

ಹೂವಿನ ದಿಬ್ಬ ಕೆಳಗಿನಿಂದಲೇ ನೋಡಿದೆವು, ಅರ್ಧಕ್ಕೂ ಜಾಸ್ತಿ ಅರಳಿತ್ತು. ಕೆರೆ ದಂಡೆಯಲ್ಲಿ ಮೊಸರನ್ನ ತಿಂದೆವು. ಸರಸ್ವತಿಗೂ ಕೈ ಮುಗಿದು ಬಂದೆವು.

ತಮ್ಮ ಕೊಟ್ಟಿದ್ದ ಐದು ಯೆನ್ ನಾಣ್ಯಗಳಲ್ಲಿ ಒಂದನ್ನು ಅಮ್ಮ ಸೆರಗಿನ ತುದಿಗೆ ಗಂಟು ಹಾಕಿ ಉಳಿಸಿಕೊಂಡಿದ್ದಾರೆ. ಈಗ ಅದು ದೇವರ ಕೋಣೆಯ ಹೊರಗೆ, ಅಪ್ಪನ ಫೋಟೋ ಮುಂದೆ ಇದೆ. ಸೆಪ್ಟೆಂಬರ್‌ನಲ್ಲಿ ವರ್ಷಾಂತಿಕ ಮುಗಿದ ಮಾರನೇ ದಿನ ಕಾಡು ಮಲ್ಲೇಶ್ವರನ ಹುಂಡಿಗೆ ಹಾಕುತ್ತಾರಂತೆ.